ಅಮ್ಮ ಪೇರೆಂಟಿಂಗ್ ಕೋಚ್, ಲೆಕ್ಕ ಬರೆಯುವವಳು ನಾನು

ಮಕ್ಕಳನ್ನು ಬೆಳೆಸುವುದು ಹೇಗೆ ಅಂತ ಹೇಳಿಕೊಡಲು ಒಬ್ಬರು ಬೇಕಾ? ಅದಕ್ಕೆ ದುಡ್ಡು ಬೇರೆ ಕೊಡಬೇಕಾ? ಪೇರೆಂಟಿಂಗ್ ಕೋಚ್ ಎಂಬ ಪದ ಕಿವಿಗೆ ಬಿದ್ದ ಕೂಡಲೇ ನಮ್ಮ ಕಡೆ ಹುಟ್ಟುವ ಪ್ರಶ್ನೆಗಳು ಇವೆರಡೇ. ಕಾಲೇಜಿನ ಗೆಳತಿಯರು ಕೇಳಿದ್ದಾರೆ, ಮದುವೆಮನೆಯಲ್ಲಿ ಸಿಕ್ಕ ದೂರದ ನೆಂಟರು ಕೇಳಿದ್ದಾರೆ, ಬ್ಯಾಂಕಿನಲ್ಲಿ ಫಾರಂ ತುಂಬುವಾಗ ‘ಉದ್ಯೋಗ’ದ ಕಾಲಂ ನೋಡಿದ ಕ್ಲರ್ಕ್ ಕೂಡ ಕೇಳಿದ್ದಾರೆ. ನನ್ನ ಅಮ್ಮ ಒಂಬತ್ತು ವರ್ಷದಿಂದ ಮಾಡುತ್ತಿರುವುದು ಈ ಕೆಲಸವನ್ನೇ. ಅದೂ ದಾವಣಗೆರೆಯಂಥ ಊರಿನಲ್ಲಿ, ಇಬ್ಬರು ಮಕ್ಕಳು, ಅತ್ತೆ, ಎಪಿಎಂಸಿಯ ಮೆಕ್ಕೆಜೋಳದ ಮಂಡಿಯಲ್ಲಿ ಲೆಕ್ಕ ಬರೆಯುವ ಗಂಡ, ಇವರೆಲ್ಲರ ನಡುವೆ ಕೂತುಕೊಂಡು.

ನಾನು ಬಿ.ಕಾಂ. ಕೊನೆಯ ವರ್ಷದಲ್ಲಿದ್ದೇನೆ. ಎರಡು ವರ್ಷದಿಂದ ಅಮ್ಮನ ಆದಾಯ, ಖರ್ಚಿನ ಪುಸ್ತಕ ನನ್ನ ಕೈಯಲ್ಲಿದೆ. ಹಾಗಾಗಿ ಈ ಕೆಲಸದ ಒಳಹೊರಗೂ ಅದರ ಅಂಕಿಗಳೂ ಸ್ವಲ್ಪ ಮಟ್ಟಿಗೆ ಗೊತ್ತು. ಇತ್ತೀಚೆಗೆ ಮೊಬೈಲ್ ತೆರೆದರೆ ಸಾಕು, ‘ಮನೆಯಲ್ಲೇ ಕುಳಿತು ಪೇರೆಂಟಿಂಗ್ ಕೋಚ್ ಆಗಿ, ತಿಂಗಳಿಗೆ ಲಕ್ಷ ಗಳಿಸಿ’ ಎಂಬ ಜಾಹೀರಾತು. ನಮ್ಮ ಕ್ಲಾಸಿನಲ್ಲೇ ಇಬ್ಬರು ಅದರ ಲಿಂಕನ್ನು ನನಗೆ ಕಳಿಸಿ, ‘ನಿಮ್ಮಮ್ಮ ಇದೇ ಅಲ್ವೇನೇ ಮಾಡೋದು? ಸೇರಬಹುದಾ?’ ಎಂದು ಕೇಳಿದರು. ಅವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಮುಗಿಯದ ಉತ್ತರ ಇದು.

ಅಮ್ಮ ಓದಿದ್ದು ಬಿ.ಎಸ್ಸಿ., ಬಿ.ಇಡಿ. ಒಂದು ಖಾಸಗಿ ನರ್ಸರಿ ಶಾಲೆಯಲ್ಲಿ ಏಳೆಂಟು ವರ್ಷ ಟೀಚರ್ ಆಗಿದ್ದಳು. ನಾನು ಚಿಕ್ಕವಳಿದ್ದಾಗ ಅಜ್ಜಿ ನೋಡಿಕೊಂಡಳು. 2014ರಲ್ಲಿ ತಮ್ಮ ಹುಟ್ಟುವ ಹೊತ್ತಿಗೆ ಅಜ್ಜಿಯ ಮಂಡಿ ಕೈಕೊಟ್ಟಿತ್ತು. (ನಮ್ಮ ಮನೆಯಲ್ಲಿ ಎರಡು ಮಂಡಿ. ಅಪ್ಪನದು ಎಪಿಎಂಸಿಯಲ್ಲಿ, ಅಜ್ಜಿಯದು ನೋವಿನಲ್ಲಿ.) ಆಗ ಕಾಯ್ದೆಯ ಪ್ರಕಾರ ಹೆರಿಗೆ ರಜೆ 12 ವಾರ. ಅದು 26 ವಾರ ಆಗಿದ್ದು 2017ರ ತಿದ್ದುಪಡಿಯಲ್ಲಿ. 50 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಎಂದು ಹೇಳಿದ್ದೂ ಅದೇ ತಿದ್ದುಪಡಿ. ಅಮ್ಮನ ಶಾಲೆಯಲ್ಲಿ ಆಯಾಗಳನ್ನೂ ವ್ಯಾನ್ ಡ್ರೈವರನ್ನೂ ಸೇರಿಸಿ ಎಣಿಸಿದರೂ ಇಪ್ಪತ್ತು ದಾಟುತ್ತಿರಲಿಲ್ಲ. ಊರಿನವರ ಮಕ್ಕಳನ್ನೆಲ್ಲ ನೋಡಿಕೊಳ್ಳುವ ಜಾಗದಲ್ಲಿ ಟೀಚರ್ ಮಗುವಿಗೆ ಮಾತ್ರ ತೊಟ್ಟಿಲಿಲ್ಲ. ಅಮ್ಮ ಕೆಲಸ ಬಿಟ್ಟಳು.

ಕೆಲಸ ಬಿಟ್ಟರೂ ಫೋನು ಅವಳನ್ನು ಬಿಡಲಿಲ್ಲ. ‘ಮಿಸ್, ಇವನು ಊಟಾನೇ ಮಾಡಲ್ಲ’, ‘ಮಿಸ್, ತಂಗಿ ಹುಟ್ಟಿದ ಮೇಲೆ ಇವಳು ಮತ್ತೆ ಹಾಸಿಗೆ ಒದ್ದೆ ಮಾಡ್ತಿದಾಳೆ’ ಎಂದು ಹಳೆಯ ಮಕ್ಕಳ ತಾಯಂದಿರು ಮಾಡುತ್ತಲೇ ಇದ್ದರು. ಒಂದು ಕೈಯಲ್ಲಿ ತಮ್ಮನಿಗೆ ಅನ್ನ ತಿನ್ನಿಸುತ್ತಾ, ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡು ಅಮ್ಮ ಮಾತಾಡುತ್ತಿದ್ದಳು. ಒಂದು ರಾತ್ರಿ ಅಪ್ಪ ತಮಾಷೆಗೆ, ‘ನಮ್ಮ ಯಾರ್ಡಿನಾಗ ಕಮಿಷನ್ ಇಲ್ಲದೆ ಯಾರೂ ನಲವತ್ತು ನಿಮಿಷ ಮಾತಾಡಲ್ಲ ನೋಡು’ ಅಂದರು. ಆ ಮಾತು ಅಮ್ಮನ ತಲೆಯಲ್ಲಿ ಕೂತುಬಿಟ್ಟಿತು. 2016ರಲ್ಲಿ ಮೊದಲ ಸಲ ಒಬ್ಬ ತಾಯಿಯ ಹತ್ತಿರ 100 ರೂಪಾಯಿ ತೆಗೆದುಕೊಂಡಳು. ಆಕೆ ಕೊಟ್ಟಳು, ಆದರೆ ಮತ್ತೆ ಫೋನ್ ಮಾಡಲಿಲ್ಲ.

ಕಲಿಯಬೇಕು ಅನ್ನಿಸಿದ್ದು ಆಗ. ಬೆಂಗಳೂರಿನ ಹೋಟೆಲೊಂದರ ಹಾಲಿನಲ್ಲಿ ಎರಡು ದಿನದ ‘ಸರ್ಟಿಫಿಕೇಷನ್’ ಇದೆ ಎಂದು ತಿಳಿದು, ಬಳೆ ಅಡವಿಟ್ಟು 28,000 ರೂಪಾಯಿ ಕಟ್ಟಿದಳು. ಮೊದಲ ದಿನ ಜೀವನದಲ್ಲಿ ಗೆಲ್ಲುವುದು ಹೇಗೆ ಎಂಬ ಭಾಷಣ. ಎರಡನೇ ದಿನ ಮಧ್ಯಾಹ್ನದವರೆಗೆ ಮಕ್ಕಳ ಬಗ್ಗೆ, ಆಮೇಲೆ ಇದೇ ಕೋರ್ಸಿಗೆ ಇನ್ನಷ್ಟು ಜನರನ್ನು ಸೇರಿಸಿದರೆ ನಿಮಗೆಷ್ಟು ಪಾಲು ಎಂಬ ಲೆಕ್ಕ. ಸಂಜೆ ಚಿನ್ನದ ಬಣ್ಣದ ಅಂಚಿನ ಪ್ರಮಾಣಪತ್ರ. ಒಂದೇ ಒಂದು ಮಗುವಿನ ಸಮಸ್ಯೆಯನ್ನೂ ಮೊದಲಿಂದ ಕೊನೆವರೆಗೆ ಯಾರೂ ಚರ್ಚಿಸಲಿಲ್ಲ. ಆ ಪ್ರಮಾಣಪತ್ರ ಈಗಲೂ ನಮ್ಮ ಬೀರುವಿನಲ್ಲಿದೆ, ಗೋಡೆಗೆ ಹೋಗಿಲ್ಲ.

ಆಮೇಲೆ ಅಮ್ಮ ಹಿಡಿದದ್ದು ನಿಧಾನದ ದಾರಿ. ಇಗ್ನೊದಲ್ಲಿ ಶಿಶುಗಳ ಆರೈಕೆ ಮತ್ತು ಶಿಕ್ಷಣದ ಡಿಪ್ಲೊಮಾ ಇದೆ. ಅದನ್ನು ಕಟ್ಟಿದಳು. ಒಂದೇ ವರ್ಷದಲ್ಲಿ ಮುಗಿಸಬಹುದಾಗಿತ್ತು, ಅವಳಿಗೆ ಎರಡು ವರ್ಷ ಹಿಡಿಯಿತು. ತಮ್ಮ ಮಲಗಿದ ಮೇಲೆ ರಾತ್ರಿ ಹತ್ತರಿಂದ ಹನ್ನೊಂದೂವರೆ ಓದುವ ಸಮಯ. ನಾನು ಹೈಸ್ಕೂಲ್ ಹೋಂವರ್ಕ್, ಅವಳು ಅಸೈನ್‌ಮೆಂಟ್. ಒಂದೇ ಟೇಬಲ್. ಮಗು ಯಾವ ವಯಸ್ಸಿಗೆ ಏನು ಮಾಡಬೇಕು, ಮಾತು ಹೇಗೆ ಬೆಳೆಯುತ್ತದೆ, ಆಟ ಏಕೆ ಬೇಕು, ಇಂಥದ್ದೆಲ್ಲ ಅವಳು ಅಲ್ಲಿ ಗಟ್ಟಿಯಾಗಿ ಕಲಿತದ್ದು. ಎಂಟು ವರ್ಷ ಪಾಠ ಮಾಡಿದ್ದರೂ ಇದು ಗೊತ್ತಿರಲಿಲ್ಲ ಅನ್ನುತ್ತಾಳೆ.

ಇನ್ನು ಅಜ್ಜಿ. ‘ನಾವು ಐದು ಮಕ್ಕಳನ್ನ ಸಾಕಲಿಲ್ವೇನವ್ವ? ಯಾವ ಕೋಚು ಬಂದಿದ್ಲು ನಮಗೆ?’ ಎಂದು ಅವಳು ಕೇಳದ ವಾರವಿರಲಿಲ್ಲ. ಪ್ರಶ್ನೆ ಸರಿಯಾದದ್ದೇ. ಅಮ್ಮ ಅದಕ್ಕೆ ಎದುರು ವಾದಿಸದೆ, ‘ಅತ್ತೆ, ನೀವು ಬಾಣಂತಿ ಇದ್ದಾಗ ಮನೆಯಾಗ ಎಷ್ಟು ಜನ ಇದ್ರಿ?’ ಎಂದು ಕೇಳಿದಳಂತೆ. ಅಜ್ಜಿ ಬೆರಳು ಮಡಿಚಿ ಎಣಿಸಿದಳು, ಹನ್ನೊಂದು. ಈಗ ಎಂಸಿಸಿ ಬ್ಲಾಕಿನ ಒಂದು ಬಾಡಿಗೆ ಮನೆಯಲ್ಲಿ ಗಂಡ, ಹೆಂಡತಿ, ಒಂದು ಮಗು. ತವರು ಬೀದರ್, ಗಂಡನ ಕೆಲಸ ಇಲ್ಲಿ. ರಾತ್ರಿ ಎರಡು ಗಂಟೆಗೆ ಮಗು ಅತ್ತರೆ ಕೇಳಲು ಇರುವುದು ಮೊಬೈಲ್ ಒಂದೇ. ಅದು ಒಂದೇ ಪ್ರಶ್ನೆಗೆ ಇಪ್ಪತ್ತು ಉತ್ತರ ಕೊಡುತ್ತದೆ. ಅಜ್ಜಿಯ ಕಾಲದಲ್ಲಿ ಹನ್ನೊಂದು ಜನ ಹಂಚಿಕೊಂಡು ಮಾಡುತ್ತಿದ್ದ ಕೆಲಸದ ಒಂದು ಚೂರಿಗೆ ಈಗ ಸಂಬಳ ಬಂದಿದೆ, ನನಗೆ ಅರ್ಥವಾಗಿರುವುದು ಇಷ್ಟು.

ಹಾಗೆಂದು ಇದು ನಿನ್ನೆ ಮೊನ್ನೆ ಹುಟ್ಟಿದ ಫ್ಯಾಷನ್ನೂ ಅಲ್ಲ. ವಿಯೆನ್ನಾದಲ್ಲಿ ಆಲ್ಫ್ರೆಡ್ ಆಡ್ಲರ್ ಎಂಬ ವೈದ್ಯರು ಮೊದಲ ಮಹಾಯುದ್ಧದ ನಂತರ ಮಕ್ಕಳ ಮಾರ್ಗದರ್ಶನ ಕೇಂದ್ರಗಳನ್ನು ತೆರೆದು, ಹೆತ್ತವರನ್ನೂ ಟೀಚರುಗಳನ್ನೂ ಕೂರಿಸಿಕೊಂಡು ಮಾತಾಡುತ್ತಿದ್ದರು. ಅವರ ದಾರಿಯಲ್ಲಿ ನಡೆದ ರುಡಾಲ್ಫ್ ಡ್ರೈಕರ್ಸ್ ಅದನ್ನು ಅಮೆರಿಕದ ಶಿಕಾಗೊಗೆ ಒಯ್ದರು. 1962ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಥಾಮಸ್ ಗಾರ್ಡನ್ ಹೆತ್ತವರಿಗಾಗಿಯೇ ತರಗತಿ ಶುರು ಮಾಡಿದರು. ಕನ್ನಡದಲ್ಲಿ ಡಾಕ್ಟರೂ ಕಾದಂಬರಿಗಾರ್ತಿಯೂ ಆಗಿದ್ದ ಅನುಪಮಾ ನಿರಂಜನ ‘ತಾಯಿ–ಮಗು’ ಬರೆದರು. ತಮಾಷೆ ಏನೆಂದರೆ, ಯಾವ ಕೋಚೂ ಬಂದಿರಲಿಲ್ಲ ಎನ್ನುವ ಅಜ್ಜಿಯ ಟ್ರಂಕಿನಲ್ಲೇ ಆ ಪುಸ್ತಕ ಸಿಕ್ಕಿತು, ಹಾಳೆಗಳೆಲ್ಲ ಹಳದಿಯಾಗಿ.

ಸರಿ, ಅಮ್ಮ ಮಾಡುವುದಾದರೂ ಏನು? ಹೆಚ್ಚಿನವರು ಅಂದುಕೊಂಡಿರುವ ಹಾಗೆ ಮಕ್ಕಳಿಗೆ ಬುದ್ಧಿ ಹೇಳುವುದಲ್ಲ. ಅವಳು ಮಕ್ಕಳ ಜೊತೆ ಕೂರುವುದೇ ಕಡಿಮೆ. ಕೂರುವುದು ಹೆತ್ತವರ ಜೊತೆ. ನಾಲ್ಕು ವರ್ಷದ ಮಗ ಮೊಬೈಲ್ ಇಲ್ಲದೆ ಊಟ ಮಾಡುವುದಿಲ್ಲ ಎಂದು ಒಬ್ಬರು ಬಂದರು ಅನ್ನಿ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಬಂದವರಿಗೂ ಅದು ಗೊತ್ತಿರುತ್ತದೆ. ಗೊತ್ತಿದ್ದೂ ಆಗುತ್ತಿಲ್ಲ, ಅದಕ್ಕೇ ಬಂದಿರುವುದು. ಅಮ್ಮ ಮೊದಲ ವಾರ ಸಲಹೆಯನ್ನೇ ಕೊಡುವುದಿಲ್ಲ. ಒಂದು ಹಾಳೆ ಕೊಡುತ್ತಾಳೆ. ಊಟ ಎಷ್ಟು ಗಂಟೆಗೆ, ಅದಕ್ಕೆ ಮೊದಲು ಏನು ತಿಂದಿದ್ದ, ಯಾರು ತಿನ್ನಿಸಿದರು, ಫೋನ್ ಕೊಟ್ಟವರು ಯಾರು, ಕೊಡದಿದ್ದರೆ ಏನಾಯಿತು. ವಾರ ಕಳೆದ ಮೇಲೆ ಆ ಹಾಳೆಯೇ ಮಾತಾಡುತ್ತದೆ. ಒಂದು ಮನೆಯಲ್ಲಿ ಸಂಜೆ ಆರಕ್ಕೆ ಅಜ್ಜ ದಿನಾ ಬನ್ನು, ಬಿಸ್ಕತ್ತು ಕೊಡುತ್ತಿದ್ದರು, ಏಳೂವರೆಗೆ ತಾಯಿ ಅನ್ನ ಹಿಡಿದು ಹಿಂದೆ ಓಡುತ್ತಿದ್ದಳು. ಅಲ್ಲಿ ಮೊಬೈಲಿನದು ಎರಡನೇ ತಪ್ಪು ಅಷ್ಟೇ.

ಹೊಡೆಯುವ ವಿಷಯ ಬಂದಾಗ ನೋಡಬೇಕು. ಶಾಲೆಯಲ್ಲಿ ಮಗುವಿಗೆ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಮನೆಯ ಮಾತು ಬಂದರೆ ‘ನನ್ನ ಅಪ್ಪ ನನಗೆ ಹೊಡೆದೇ ಬೆಳೆಸಿದ್ದು, ನಾನೇನ್ ಕೆಟ್ಟು ಹೋಗಿದೀನಾ ಮೇಡಂ?’ ಎಂದು ತಂದೆಯರು ಕೇಳುತ್ತಾರೆ. ಅಮ್ಮ ಇಲ್ಲ ಅನ್ನುವುದಿಲ್ಲ. ‘ಹೊಡೆದ ಮೇಲೆ ಎಷ್ಟು ದಿನ ಸರಿ ಇರ್ತಾನೆ?’ ಅನ್ನುತ್ತಾಳೆ. ‘ಎರಡು ದಿನ.’ ‘ಹಂಗಾದ್ರೆ ಮೂರನೇ ದಿನಕ್ಕೆ ಏನು ಮಾಡೋಣ, ಅದನ್ನ ಮಾತಾಡೋಣ ಬರ್ರಿ.’ ಪಕ್ಕದ ಕೋಣೆಯಲ್ಲಿ ಓದುತ್ತಾ ಕುಳಿತಾಗ ಎಷ್ಟೋ ಸಲ ಅವಳ ಈ ದನಿ ಕಿವಿಗೆ ಬಿದ್ದಿದೆ. ಈಗ ಸೆಷನ್ ಇರುವಾಗ ನಾವ್ಯಾರೂ ಆ ಕಡೆ ಸುಳಿಯುವುದಿಲ್ಲ, ಬಾಗಿಲು ಮುಚ್ಚಿರುತ್ತದೆ. ಬಂದವರ ಹೆಸರುಗಳು ನನ್ನ ಲೆಕ್ಕದ ಪುಸ್ತಕದಲ್ಲೂ ಇಲ್ಲ, ಬರೀ ನಂಬರು.

ಇಲ್ಲಿ ಕೆಲಸ ಹುಡುಕುತ್ತಿರುವವರು ತಿಳಿದಿರಬೇಕಾದ ಮುಖ್ಯ ಮಾತೊಂದಿದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಅದಕ್ಕೆ ತಕ್ಕ ಓದು ಬೇಕು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಬೇಕು. ಪೇರೆಂಟಿಂಗ್ ಕೋಚ್ ಆಗಲು ನಮ್ಮ ದೇಶದಲ್ಲಿ ಯಾವ ಲೈಸೆನ್ಸೂ ಬೇಕಿಲ್ಲ. ನಾಳೆ ಬೆಳಿಗ್ಗೆ ನಾನೇ ಬೋರ್ಡ್ ಹಾಕಬಹುದು. ಈ ಕೆಲಸದ ಆಕರ್ಷಣೆಯೂ ಇದೇ, ಅಪಾಯವೂ ಇದೇ. ಅಂತರರಾಷ್ಟ್ರೀಯ ಕೋಚಿಂಗ್ ಫೆಡರೇಷನ್ ಎಂಬ ಸಂಸ್ಥೆ 1995ರಿಂದ ಇದೆ. ಅದರ ಮೊದಲ ಹಂತದ ಮಾನ್ಯತೆಗೆ 60 ಗಂಟೆಗಳ ತರಬೇತಿ, 100 ಗಂಟೆಗಳ ಕೋಚಿಂಗ್ ಅನುಭವ ತೋರಿಸಬೇಕು. ಹೆಸರಿಗೆ ತೂಕ ಬರುತ್ತದೆ ನಿಜ, ಆದರೆ ಅದೂ ಸರ್ಕಾರಿ ಪರವಾನಗಿಯಲ್ಲ. ಮಕ್ಕಳ ಬಗ್ಗೆಯೇ ಎಂದು ಮಾಡಿದ ಕೋರ್ಸೂ ಅಲ್ಲ.

ಕಾನೂನು ಗೆರೆ ಹಾಕದ ಕಡೆ ನಾವೇ ಹಾಕಿಕೊಳ್ಳಬೇಕು. ಮೂರು ವರ್ಷ ತುಂಬಿದ ಮಗುವನ್ನು ಕರೆದುಕೊಂಡು ಒಬ್ಬ ದಂಪತಿ ಬಂದಿದ್ದರು. ಹೆಸರು ಕರೆದರೆ ತಿರುಗುವುದಿಲ್ಲ, ಎರಡು ಪದ ಕೂಡಿಸಿ ಮಾತಿಲ್ಲ. ‘ನಮ್ಮ ಮಾತು ಕೇಳಲ್ಲ ಮೇಡಂ, ಹಟ ಜಾಸ್ತಿ. ನಾಲ್ಕು ಸೆಷನ್ ಫೀಸ್ ಈಗಲೇ ಕೊಡ್ತೀವಿ’ ಅಂದರು. ಅಮ್ಮ ದುಡ್ಡು ಮುಟ್ಟಲಿಲ್ಲ. ‘ಇದು ನನ್ನ ಕೆಲಸ ಅಲ್ಲ. ಮೊದಲು ಮಕ್ಕಳ ಡಾಕ್ಟರಿಗೆ ತೋರಿಸ್ರಿ, ಕಿವಿ ಟೆಸ್ಟ್ ಮಾಡಿಸ್ರಿ’ ಎಂದಳು. ‘ಗಂಡು ಮಕ್ಕಳು ಮಾತಾಡೋದು ಲೇಟು’ ಎಂದು ಆ ತಂದೆ ಸಿಟ್ಟು ಮಾಡಿಕೊಂಡು ಎದ್ದು ಹೋದರು. ಅಂದು ಮನೆಯಲ್ಲಿ ಗ್ಯಾಸ್ ಬುಕ್ ಮಾಡಲೂ ಯೋಚಿಸುವಂಥ ತಿಂಗಳು. ರಾತ್ರಿ ಅಮ್ಮ ಸರಿಯಾಗಿ ಊಟ ಮಾಡಲಿಲ್ಲ. ಎರಡು ತಿಂಗಳಾದ ಮೇಲೆ ಆ ತಾಯಿ ಮೈಸೂರಿನಿಂದ ಫೋನ್ ಮಾಡಿದಳು. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಮಗುವಿಗೆ ಥೆರಪಿ ಶುರುವಾಗಿತ್ತು. ಎರಡು ದಿನದ ಪ್ರಮಾಣಪತ್ರ ಹಿಡಿದ ಯಾರಾದರೂ ಆ ನಾಲ್ಕು ಸೆಷನ್ ಫೀಸು ಇಟ್ಟುಕೊಂಡು ‘ಹಟ ಬಿಡಿಸುವುದು ಹೇಗೆ’ ಎಂದು ಕಲಿಸಿದ್ದರೆ ಮಗುವಿನ ಒಂದು ವರ್ಷ ಹೋಗುತ್ತಿತ್ತು. ಮಾತು ಕಲಿಯುವ ವಯಸ್ಸಿನಲ್ಲಿ ಒಂದು ವರ್ಷ ಸಣ್ಣದಲ್ಲ.

ಮೈಸೂರಿಗೇ ಹೋಗಬೇಕೆಂದೇನೂ ಇಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಗಿದ್ದು, ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಅದರಡಿ ಉಚಿತ. ಅಮ್ಮನ ಟೇಬಲ್ಲಿನ ಗಾಜಿನ ಕೆಳಗೆ ಇಂಥ ವಿವರಗಳ ಒಂದು ಚೀಟಿಯೇ ಇದೆ. ಮಕ್ಕಳ ಸಹಾಯವಾಣಿ 1098. ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416. ಬಾಣಂತಿ ತಾಯಿ ‘ಏನೂ ಬೇಡ ಅನ್ನಿಸುತ್ತೆ, ಮಗು ಮುಖ ನೋಡಕ್ಕೂ ಮನಸ್ಸಾಗಲ್ಲ’ ಎಂದರೆ ಅಲ್ಲಿ ಮಗುವಿನ ದಿನಚರಿಯ ಮಾತು ನಿಲ್ಲುತ್ತದೆ, ಡಾಕ್ಟರ ಮಾತು ಶುರುವಾಗುತ್ತದೆ. ಇನ್ನೊಂದು ವಿಷಯವನ್ನು ಅವಳು ಮೊದಲ ಭೇಟಿಯಲ್ಲೇ ಹೇಳಿಬಿಡುತ್ತಾಳೆ. ನೀವು ಹೇಳಿದ್ದನ್ನು ನಾನು ಎಲ್ಲೂ ಹೇಳುವುದಿಲ್ಲ, ಆದರೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಪೊಲೀಸರಿಗೆ ತಿಳಿಸಲೇಬೇಕು, 2012ರ ಪೋಕ್ಸೊ ಕಾಯ್ದೆ ಅದನ್ನು ಯಾರಿಗೂ ಬಿಟ್ಟಿಲ್ಲ. ಇದನ್ನು ಕೇಳಿ ಮುಖ ಬಿಗಿಯಾದವರೂ ಇದ್ದಾರಂತೆ. ಮುಂದಿನದನ್ನು ಅಮ್ಮ ಹೇಳುವುದಿಲ್ಲ, ನಾನು ಕೇಳುವುದೂ ಇಲ್ಲ.

ಈಗ ದುಡ್ಡಿನ ಮಾತು. ಅಮ್ಮನ ಅನುಮತಿ ಪಡೆದೇ ಬರೆಯುತ್ತಿದ್ದೇನೆ. 2016–17ರಲ್ಲಿ ವರ್ಷಕ್ಕೆಲ್ಲ ಸೇರಿ ಬಂದದ್ದು 31,400 ರೂಪಾಯಿ. ಕೋರ್ಸಿಗೆ ಕಟ್ಟಿದ್ದು ಬಿಟ್ಟರೆ ಉಳಿದದ್ದು ಎಷ್ಟೆಂದು ನೀವೇ ಕಳೆಯಿರಿ. ಕೋವಿಡ್ ಲಾಕ್‌ಡೌನಿನಲ್ಲಿ ಹೆತ್ತವರೂ ಮಕ್ಕಳೂ ಒಂದೇ ಮನೆಯಲ್ಲಿ ಸಿಕ್ಕಿಹಾಕಿಕೊಂಡಾಗ ಆನ್‌ಲೈನ್ ಸೆಷನ್‌ಗಳು ಶುರುವಾದವು, ಆಗ ಸ್ವಲ್ಪ ಏರಿತು. 2024–25ರಲ್ಲಿ ಒಟ್ಟು 2,86,000. ಅದರಲ್ಲಿ ಒಬ್ಬೊಬ್ಬರೇ ಬಂದು ಮಾತಾಡಿದವರಿಂದ 1,74,000, ಶಾಲೆಗಳಲ್ಲಿ ನಡೆಸಿದ 21 ಕಾರ್ಯಾಗಾರಗಳಿಂದ 63,000, ಹೊರದೇಶದ ಕನ್ನಡಿಗರ ಒಂದು ಬ್ಯಾಚಿನಿಂದ 49,000. ಇಂಟರ್‌ನೆಟ್, ಬಸ್ ಚಾರ್ಜು, ಪುಸ್ತಕ, ಜೆರಾಕ್ಸ್ ಎಲ್ಲ ಸೇರಿ 41,000 ಖರ್ಚು. ತಿಂಗಳಿಗೆ ಸರಾಸರಿ 20,000 ಚಿಲ್ಲರೆ. ಸರಾಸರಿ ಅನ್ನುವುದು ಮೋಸದ ಪದ ಎಂದು ನಮ್ಮ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು ಹೇಳುತ್ತಿರುತ್ತಾರೆ. ಏಪ್ರಿಲ್, ಮೇ ಎರಡೂ ಸೇರಿ 14,000 ದಾಟಲಿಲ್ಲ, ಎಲ್ಲರೂ ಊರಿಗೆ ಹೋಗಿರುತ್ತಾರೆ. ಜೂನ್, ಜುಲೈನಲ್ಲಿ ಶಾಲೆಗೆ ಹೋಗಲ್ಲ ಎಂದು ಅಳುವ ಮಕ್ಕಳಿಂದಾಗಿ ಉಸಿರಾಡಲೂ ಬಿಡುವಿಲ್ಲ. ಪಿಎಫ್ ಇಲ್ಲ, ಜ್ವರ ಬಂದರೆ ಸಂಬಳದ ರಜೆ ಇಲ್ಲ. ಸೇವೆ ಒದಗಿಸುವವರ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ದೇವರ ದಯೆ, ಆ ಚಿಂತೆ ನಮಗೆ ಇನ್ನೂ ಬಂದಿಲ್ಲ.

ವಾರಕ್ಕೆ ಐದಾರು ಸೆಷನ್ ಅಷ್ಟೇ ತಾನೆ ಅನ್ನಬೇಡಿ. ಮುಕ್ಕಾಲು ಗಂಟೆಯ ಒಂದು ಸೆಷನ್ನಿನ ಹಿಂದೆ ಹಾಳೆ ಓದುವುದು, ಟಿಪ್ಪಣಿ ಬರೆಯುವುದು, ವಾರದ ನಡುವಿನ ಫೋನು, ‘ಮಿಸ್ ಒಂದೇ ನಿಮಿಷ’ ಎಂದು ಶುರುವಾಗುವ ಅರ್ಧ ಗಂಟೆ ಇರುತ್ತವೆ. ನೆಂಟರು ಇವತ್ತಿಗೂ ಫೀಸ್ ಕೊಡುವುದಿಲ್ಲ. ಕೇಳುವ ಧೈರ್ಯ ಅಮ್ಮನಿಗೂ ಇಲ್ಲ.

ಹೊರದೇಶದ ಬ್ಯಾಚು ನಮ್ಮ ಮನೆಯ ಬೆಳಗನ್ನೇ ಬದಲಿಸಿತು. ಟೆಕ್ಸಾಸ್‌ನಲ್ಲಿ ರಾತ್ರಿ ಎಂಟಾದಾಗ ನಮಗೆ ಬೆಳಿಗ್ಗೆ ಆರೂವರೆ. ಅಲ್ಲಿನ ತಾಯಿಯ ಚಿಂತೆ, ಮಗ ಕನ್ನಡ ಅರ್ಥ ಮಾಡಿಕೊಂಡರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾನೆ, ಊರಿಗೆ ಬಂದಾಗ ಅಜ್ಜಿಯ ಜೊತೆ ಮಾತೇ ಇಲ್ಲ. ಇಲ್ಲಿ ನಮ್ಮ ಚಿಂತೆ, ತಮ್ಮನ ಟಿಫನ್ ಡಬ್ಬಿ ಯಾರು ಕಟ್ಟಬೇಕು. ಮೊದಲೆರಡು ವಾರ ಅಮ್ಮ ಐದಕ್ಕೇ ಎದ್ದು ಎಲ್ಲ ಮಾಡಿಟ್ಟು ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದಳು. ಮೂರನೇ ವಾರ ಅಪ್ಪ ಯಾರಿಗೂ ಹೇಳದೆ ಮಂಡಕ್ಕಿ ಒಗ್ಗರಣೆ ಮಾಡಿದರು. ಉಪ್ಪು ಜಾಸ್ತಿಯಾಗಿತ್ತು. ಈಗ ವಾರದಲ್ಲಿ ಮೂರು ದಿನ ತಿಂಡಿ ಅವರದೇ. ಮನೆ, ಕೆಲಸ ಎರಡನ್ನೂ ನಿಭಾಯಿಸುವ ಹೆಣ್ಣು ಎಂದು ಅಮ್ಮನನ್ನು ಯಾರಾದರೂ ಹೊಗಳಿದರೆ ನನಗೆ ಸ್ವಲ್ಪ ಕಿರಿಕಿರಿ. ಎರಡನ್ನೂ ಅವಳೊಬ್ಬಳೇ ನಿಭಾಯಿಸಿದ್ದ ಆ ಎರಡು ವಾರ ಅವಳ ಕಣ್ಣ ಕೆಳಗೆ ಏನಿತ್ತು ಎಂದು ನಾನು ನೋಡಿದ್ದೇನೆ.

ಎಲ್ಲಕ್ಕಿಂತ ಕಷ್ಟದ್ದು ಬೇರೆಯೇ. ನೀವು ಮುಂದೆ ಈ ಕೆಲಸಕ್ಕೆ ಇಳಿದರೆ ನಿಮ್ಮ ಮನೆಯಲ್ಲೂ ಬರುವಂಥದ್ದು. ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ, 2021ರಲ್ಲಿ, ಅಮ್ಮನಿಗೂ ನನಗೂ ಫೋನಿನ ವಿಷಯಕ್ಕೆ ದೊಡ್ಡ ಜಗಳವಾಗಿತ್ತು. ಕೊರೊನಾದಿಂದಾಗಿ ಎರಡೇ ದಿನದಲ್ಲಿ ಪರೀಕ್ಷೆ ಮುಗಿಸಿದ ಬ್ಯಾಚು ನಮ್ಮದು, ಕ್ಲಾಸೆಲ್ಲ ಫೋನಿನಲ್ಲೇ. ಮೂರು ದಿನ ಮಾತು ಬಿಟ್ಟಿದ್ದೆ. ಅದಾದ ಕೆಲವು ವಾರಕ್ಕೆ ಆನ್‌ಲೈನ್ ಕಾರ್ಯಾಗಾರದಲ್ಲಿ ಅಮ್ಮ ಅದನ್ನೇ ಉದಾಹರಣೆ ಕೊಟ್ಟಿದ್ದಳು, ‘ನನಗೆ ಗೊತ್ತಿರೋ ಒಂದು ಹುಡುಗಿ’ ಎಂದು. ನನ್ನ ಕ್ಲಾಸ್‌ಮೇಟಿನ ತಾಯಿ ಅದರಲ್ಲಿ ಇದ್ದರು. ಆ ಹುಡುಗಿ ಯಾರೆಂದು ತಿಳಿಯಲು ಅವರಿಗೆ ಒಂದು ನಿಮಿಷ ಬೇಕಾಗಲಿಲ್ಲ. ಮರುದಿನ ಕ್ಲಾಸ್ ಗ್ರೂಪಿಗೂ ಬಂತು. ಆವತ್ತು ನಾನು ಅತ್ತಿದ್ದು ಜಗಳಕ್ಕಲ್ಲ. ನಮ್ಮ ಮನೆಯೊಳಗೆ ನಡೆದದ್ದು ನನ್ನದೂ ಹೌದು, ಅದನ್ನು ಕೊಟ್ಟುಬಿಡುವ ಹಕ್ಕು ಒಬ್ಬರದೇ ಹೇಗಾಯಿತು ಎಂದು. ಅಮ್ಮನಿಗೆ ನೇರವಾಗಿ ಕೇಳಿದೆ. ಅವಳು ಸಮಜಾಯಿಷಿ ಕೊಡಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, ಕ್ಯಾಲೆಂಡರಿನ ಹಿಂದೆ ಒಂದು ಸಾಲು ಬರೆದಳು. ‘ಕೇಳದೆ ಮಕ್ಕಳ ಕಥೆ ಹೇಳಬಾರದು. ಬೇಡ ಅಂದರೆ ಬೇಡ.’ ಕೆಳಗೆ ಮೂವರ ಸಹಿ. ತಮ್ಮನಿಗೆ ಆಗ ಏಳು ವರ್ಷ, ದೊಡ್ಡಕ್ಷರದಲ್ಲಿ ಹೆಸರು ಬರೆದ. ಈಗ ಅವನು ಬುದ್ಧಿವಂತನಾಗಿದ್ದಾನೆ, ‘ನನ್ನ ಕಥೆಗೆ ನನಗೆಷ್ಟು ಕೊಡ್ತೀಯ?’ ಎಂದು ಕೇಳುತ್ತಾನೆ. ಒಂದು ಕಥೆಗೆ ಒಂದು ಬೆಣ್ಣೆ ದೋಸೆ ಎಂದು ಇತ್ಯರ್ಥವಾಗಿದೆ. ಪುಸ್ತಕದಲ್ಲಿ ಅದನ್ನು ‘ಇತರೆ ಖರ್ಚು’ ಎಂದು ಹಾಕುತ್ತೇನೆ.

ಮಕ್ಕಳನ್ನು ತೋರಿಸಿ ರೀಲ್ಸ್ ಮಾಡಿದರೆ ಫಾಲೋವರ್ಸ್ ಬೇಗ ಬರುತ್ತಾರೆ ಎಂದು ಅಮ್ಮನಿಗೆ ಹೇಳದವರಿಲ್ಲ. ಅವಳು ಮಾಡಿಲ್ಲ. ಹಾಗಾಗಿಯೇ ಫಾಲೋವರ್ಸ್ ಸಾವಿರವೂ ಆಗಿಲ್ಲ. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 18 ವರ್ಷದೊಳಗಿನವರ ಮಾಹಿತಿ ಬಳಸಲು ಕಂಪನಿಗಳು ಹೆತ್ತವರ ಒಪ್ಪಿಗೆ ಪಡೆಯಬೇಕು ಅನ್ನುತ್ತದೆ. ವಿಡಿಯೊ ಹಾಕುವವರೇ ಹೆತ್ತವರಾದರೆ ಮಗು ಯಾರ ಹತ್ತಿರ ಹೋಗಬೇಕು? ಸ್ನಾನ ಮಾಡಿಸುವುದು, ಹಟ ಮಾಡುವುದು, ಅಳುವುದು, ಎಲ್ಲವನ್ನೂ ಹಾಕುವ ‘ಮಾಮ್ ಕೋಚ್’ಗಳ ಮಕ್ಕಳು ಇನ್ನು ಹತ್ತು ವರ್ಷಕ್ಕೆ ನಮ್ಮ ವಯಸ್ಸಿಗೆ ಬರುತ್ತಾರೆ. ಅವರು ಏನು ಬರೆಯುತ್ತಾರೋ ಓದಬೇಕು.

ನಾವು ಮಕ್ಕಳೇ ಅಮ್ಮನ ಬೋರ್ಡು ಎಂದುಕೊಂಡವರೂ ಇದ್ದಾರೆ. ಮದುವೆಯೊಂದರಲ್ಲಿ ತಮ್ಮ ಐಸ್‌ಕ್ರೀಮಿಗೆ ನೆಲಕ್ಕೆ ಬಿದ್ದು ಹೊರಳಾಡಿದಾಗ, ‘ನೋಡ್ರಿ, ಊರಿಗೆಲ್ಲ ಪಾಠ ಹೇಳೋರ ಮಗ’ ಎಂಬ ಮಾತು ನಮಗೆ ಕೇಳಲಿ ಎಂದೇ ಬಂತು. ನನಗೆ ಪಿಯುಸಿಯಲ್ಲಿ 78 ಪರ್ಸೆಂಟ್. ಆ ವರ್ಷ ಫೀಸ್ ಕೊಡುವ ಮೊದಲೇ ಒಬ್ಬರು, ‘ನಿಮ್ಮ ಮಗಳು ಎಷ್ಟು ತಗೊಂಡ್ಲು ಮೇಡಂ?’ ಎಂದು ಕೇಳಿದರು. ‘ಅವಳ ಮಾರ್ಕ್ಸ್ ಅವಳದು. ನಿಮ್ಮ ಮಗು ವಿಷಯ ಹೇಳ್ರಿ’ ಎಂದಳು ಅಮ್ಮ. ಅವರು ಮತ್ತೆ ಬರಲಿಲ್ಲ. 2,500 ರೂಪಾಯಿಯ ಪ್ಯಾಕೇಜು ಹೋಯಿತು. ಆ ಸಂಜೆ ಅದನ್ನು ಕೇಳಿ ನನಗಾದ ಖುಷಿಗೆ ಲೆಕ್ಕದ ಪುಸ್ತಕದಲ್ಲಿ ಕಾಲಂ ಇಲ್ಲ.

ಲಿಂಕ್ ಕಳಿಸಿದ ಗೆಳತಿಯರಿಗೆ ಈಗ ನಾನು ಹೇಳುವುದು ಇಷ್ಟು. ಸೈಕಾಲಜಿ, ಹೋಂ ಸೈನ್ಸ್, ಸಮಾಜಕಾರ್ಯ, ಬಿ.ಇಡಿ., ನರ್ಸಿಂಗ್ ಓದುತ್ತಿರುವವರಿಗೆ ಈ ಕೆಲಸದ ಬುಡ ಆಗಲೇ ಸಿಕ್ಕಿದೆ. ಟೀಚರ್ ಆದವರಿಗೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಎನ್‌ಸಿಇಆರ್‌ಟಿಯ ಮಾರ್ಗದರ್ಶನ ಮತ್ತು ಸಮಾಲೋಚನೆಯ ಡಿಪ್ಲೊಮಾ ಇದೆ. ಇಗ್ನೊದಲ್ಲಿ ಕೌನ್ಸೆಲಿಂಗ್ ಮತ್ತು ಫ್ಯಾಮಿಲಿ ಥೆರಪಿಯ ಎಂ.ಎಸ್ಸಿ. ಕೂಡ ಇದೆ. ಮದುವೆಯಾಗಿ ಮಕ್ಕಳಾಗದವರು ಈ ಕೆಲಸ ಮಾಡಬಹುದಾ ಎಂದು ಎಲ್ಲರೂ ಕೇಳುತ್ತಾರೆ. ಮಾಡಬಹುದು ಎನ್ನುವುದು ನನ್ನ ಅಭಿಪ್ರಾಯ. ಅಮ್ಮ ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಸ್ವಂತ ಮಕ್ಕಳಿರಬೇಕು ಎಂದು ಅವಳೂ ಹೇಳುವುದಿಲ್ಲ, ಆದರೆ ಅಂಗನವಾಡಿಯಲ್ಲೋ ಪ್ಲೇಹೋಮಿನಲ್ಲೋ ಕನಿಷ್ಠ ಎರಡು ವರ್ಷ ಮಕ್ಕಳ ಮೂಗು ಒರೆಸಿರಬೇಕು ಅನ್ನುತ್ತಾಳೆ. ಮೊದಲ ಮೂರು ವರ್ಷ ಇದರ ಆದಾಯದ ಮೇಲೆ ಬಾಡಿಗೆ ಕಟ್ಟುವ ಯೋಚನೆ ಬೇಡ. ನಮ್ಮ ಮನೆ ನಡೆದದ್ದು ಅಪ್ಪನ ಮಂಡಿ ಸಂಬಳದ ಮೇಲೆ. ಅದಿಲ್ಲದಿದ್ದರೆ ಅಮ್ಮ ಆ ಮಗುವಿನ ಫೀಸನ್ನು ಬೇಡ ಅನ್ನುತ್ತಿದ್ದಳೋ ಇಲ್ಲವೋ, ನನಗೆ ಗೊತ್ತಿಲ್ಲ. ಅಮ್ಮನೂ ಗೊತ್ತಿಲ್ಲ ಅನ್ನುತ್ತಾಳೆ.

ಸದ್ಯಕ್ಕೆ ಹೊಸ ಬ್ಯಾಚೊಂದರ ತಯಾರಿ ನಡೆದಿದೆ. ಇದು ಅಜ್ಜ, ಅಜ್ಜಿಯರಿಗೆ. ಸೊಸೆ ಕೆಲಸಕ್ಕೆ ಹೋದ ಮೇಲೆ ದಿನವಿಡೀ ಮಗುವನ್ನು ನೋಡಿಕೊಳ್ಳುವವರು ಅವರೇ, ಅವರ ಜೊತೆ ಯಾರೂ ಕೂತು ಮಾತಾಡಿಲ್ಲ ಎಂದು ಅಮ್ಮನಿಗೆ ಹೊಳೆದದ್ದು ಆ ಬನ್ನು, ಬಿಸ್ಕತ್ತಿನ ಅಜ್ಜನಿಂದ. ಗುರುವಾರ ಮಧ್ಯಾಹ್ನ ಮೂರಕ್ಕೆ, ನಮ್ಮ ಮನೆಯ ಹಾಲಿನಲ್ಲೇ, ಕುರ್ಚಿ ಹಾಕಿ, ನೆಲದ ಮೇಲೆ ಕೂರಲು ಆಗದವರಿದ್ದಾರೆ. ಆರು ಜನ ಹೆಸರು ಕೊಟ್ಟಿದ್ದಾರೆ. ಹಳೆಯ ಕಾಲದ ಆಟ, ಜೋಗುಳ, ಮನೆಮದ್ದಿನಲ್ಲಿ ಯಾವುದು ಸರಿ ಯಾವುದು ಬೇಡ ಎಂಬುದರ ಮಾತುಕತೆಗೆ ನಮ್ಮ ಅಜ್ಜಿಯನ್ನೇ ಕೂರಿಸುವುದು ಅಮ್ಮನ ಯೋಚನೆ. ಅಜ್ಜಿ ಎಲ್ಲ ಕೇಳಿಸಿಕೊಂಡು, ಮಂಡಿಗೆ ಎಣ್ಣೆ ತಿಕ್ಕುತ್ತಾ, ‘ನನಗೆಷ್ಟು ಫೀಸು ಕೊಡ್ತಿ?’ ಎಂದಳು. ವಾರಕ್ಕೆ 300 ರೂಪಾಯಿ ಎಂದು ತೀರ್ಮಾನವಾಗಿದೆ. ಪುಸ್ತಕದಲ್ಲಿ ‘ಸಂಪನ್ಮೂಲ ವ್ಯಕ್ತಿಯ ಗೌರವಧನ’ ಎಂದು ಹೊಸ ಪುಟ ತೆರೆದಿದ್ದೇನೆ.